ತಣ್ಣಗಿದ್ದಾಗ ಓಡುವ, ಬಿಸಿಯಾದಾಗ ಕೈಕೊಡುವ ಕಾರು: ಹೇರ್ ಡ್ರೈಯರ್ ಹಿಡಿದು ಕಂಡುಕೊಂಡದ್ದು

ಸೆಲ್ಫ್ ಚೆನ್ನಾಗಿ ಹೊಡೆಯುತ್ತದೆ, ಎಂಜಿನ್ ಮಾತ್ರ ಹಿಡಿಯುವುದಿಲ್ಲ. ಇಂಥ ಗಾಡಿ ನಮಗೇನು ಹೊಸದಲ್ಲ. ರೋಡಲ್ಲಿ ಕೈಕೊಟ್ಟು, ಗ್ಯಾರೇಜಿಗೆ ಎಳೆದು ತಂದ ಕೂಡಲೇ ಒಂದೇ ಸೆಲ್ಫಿಗೆ ಸ್ಟಾರ್ಟ್ ಆಗುತ್ತದಲ್ಲ, ಅದು ತಲೆನೋವು. ಹೋದ ಬೇಸಿಗೆಯಲ್ಲಿ ಹರಿಹರದ ರಿಟೈರ್ಡ್ ಮೇಷ್ಟ್ರೊಬ್ಬರು ತಂದ ಹಳೆಯ ಪೆಟ್ರೋಲ್ ಕಾರು ಅಂಥದ್ದೇ. ಚಿತ್ರದುರ್ಗದ ತನಕ ಆರಾಮಾಗಿ ಓಡುತ್ತಿತ್ತು. ಅಲ್ಲಿ ಟೀ ಕುಡಿಯಲು ನಿಲ್ಲಿಸಿದರೆ ಮುಗಿಯಿತು. ಅರ್ಧ ಮುಕ್ಕಾಲು ಗಂಟೆ ಸುಮ್ನೆ ಬಿಟ್ಟರೆ ಮತ್ತೆ ಏನೂ ಆಗದ ಹಾಗೆ ಸ್ಟಾರ್ಟ್.

ನನ್ನ ಹತ್ತಿರ ಬರುವ ಹೊತ್ತಿಗೆ ಅವರು ಬೇರೆ ಗ್ಯಾರೇಜಿನಲ್ಲಿ ಎಂಟು ಒಂಬತ್ತು ಸಾವಿರ ಕಳೆದುಕೊಂಡಿದ್ದರು. ಪೆಟ್ರೋಲ್ ಪಂಪ್‌ಗೆ ಸುಮಾರು 4,500, ಸ್ಪಾರ್ಕ್ ಹುಟ್ಟಿಸುವ ಕಾಯಿಲ್‌ಗೆ 3,000 ಚಿಲ್ಲರೆ, ಪ್ಲಗ್‌ಗಳದ್ದು ಬೇರೆ. ಕೊನೆಗೆ ಇಸಿಎಂ (ಎಂಜಿನ್ ನಡೆಸುವ ಕಂಪ್ಯೂಟರ್) ಹೋಗಿದೆ, 22 ಸಾವಿರ ಆಗುತ್ತದೆ ಅಂದಿದ್ದರಂತೆ.

ಪಂಪ್ ಯಾಕೆ ಹಾಕಿದರು ಅಂತ ನನಗೆ ಗೊತ್ತು. ಕೀ ಆನ್ ಮಾಡಿದಾಗ ಪಂಪ್ ಎರಡು ಸೆಕೆಂಡ್ ಓಡಿ ನಿಲ್ಲುತ್ತದೆ. ಸೆಲ್ಫ್ ಹೊಡೆಯುವಾಗ ಮತ್ತೆ ಓಡಬೇಕು. ಈ ಗಾಡಿಯಲ್ಲಿ ಓಡುತ್ತಿರಲಿಲ್ಲ. ನೋಡಿದವರಿಗೆ ಪಂಪ್ ಸತ್ತ ಹಾಗೇ ಕಾಣುತ್ತದೆ. ಆದರೆ ಎಂಜಿನ್ ತಿರುಗುತ್ತಿದೆ ಅಂತ ಇಸಿಎಂಗೆ ಗೊತ್ತಾಗದಿದ್ದರೆ ಅದು ಪಂಪ್‌ಗೆ ಕರೆಂಟ್ ಕೊಡುವ ರಿಲೇಯನ್ನು ಆಫ್ ಮಾಡಿಬಿಡುತ್ತದೆ. ಪಂಪ್ ಇಲ್ಲ, ಸ್ಪಾರ್ಕ್ ಇಲ್ಲ, ಇಂಜೆಕ್ಟರ್ ಇಲ್ಲ. ಮೂರೂ ಒಟ್ಟಿಗೆ ಹೋದರೆ ನನ್ನ ಕಣ್ಣು ಮೊದಲು ಹೋಗುವುದು ಎಂಜಿನ್ ತಿರುಗುವುದನ್ನು ಇಸಿಎಂಗೆ ತಿಳಿಸುವ ಕ್ರ್ಯಾಂಕ್ ಸೆನ್ಸರ್ ಕಡೆಗೆ. ಸ್ಕ್ಯಾನರ್‌ನಲ್ಲಿ ದೋಷದ ಕೋಡ್ ಬರಲೇಬೇಕು ಅಂತಿಲ್ಲ, ಇದರಲ್ಲಂತೂ ಬರಲಿಲ್ಲ.

ಅನುಮಾನ ಬಂದರೆ ಸಾಕಾ? ಕೆಟ್ಟು ನಿಂತಾಗಲೇ ಹಿಡಿಯಬೇಕು. ಬಿಸಿಲಲ್ಲಿ ನಿಲ್ಲಿಸಿ ಐಡಲ್‌ನಲ್ಲಿ ಓಡಿಸಿದೆ. ಫ್ಯಾನ್ ತಿರುಗಿತು, ಪೆಟ್ರೋಲ್ ಸುಟ್ಟಿತು, ಗಾಡಿ ಕೆಡಲಿಲ್ಲ. ಬಾನೆಟ್ ಮೇಲೆ ಕಂಬಳಿ ಹೊದಿಸಿದೆ. ಅದೂ ದಂಡ. ಸೆನ್ಸರ್ ಬಿಚ್ಚಿ ಬಿಸಿನೀರಲ್ಲಿ ಅದ್ದಿದೆ, ಅದೂ ಕೆಡಲಿಲ್ಲ. ಪೆಟ್ರೋಲ್‌ಗೇ ನನ್ನ ಕೈಯಿಂದ ಐನೂರು ಆರುನೂರು ಹೋಗಿರಬೇಕು.

ಆಮೇಲೆ ಹೊಳೆದದ್ದು ಇಷ್ಟು. ಗಾಡಿ ಓಡುವಾಗ ಗಾಳಿ ಆಡುತ್ತದೆ, ಕೂಲೆಂಟ್ ಸುತ್ತುತ್ತದೆ. ಆಫ್ ಮಾಡಿದ ಮೇಲೆ ಹತ್ತು ಹದಿನೈದು ನಿಮಿಷ ಬ್ಲಾಕ್‌ನ ಶಾಖವೆಲ್ಲ ಪಕ್ಕದ ಸೆನ್ಸರ್‌ಗೆ ಇಳಿಯುತ್ತದೆ. ಮೇಷ್ಟ್ರ ಟೀ ಟೈಮ್ ಅದೇ ಅಲ್ವಾ! ಮನೆಯಿಂದ ಹೆಂಡತಿಯ ಹೇರ್ ಡ್ರೈಯರ್ ತಂದೆ. ಹೀಟ್ ಗನ್ ಇತ್ತು, ಆದರೆ ಅದು ವೈರ್ ಕೂಡಿಸುವ ಪ್ಲಾಸ್ಟಿಕ್ ಕಪ್ಲರನ್ನೇ ಕರಗಿಸಿಬಿಡುತ್ತದೆ. ಪಕ್ಕದ ಗ್ಯಾರೇಜಿನವರು ನೋಡಿ, "ಏನಣ್ಣ, ಬ್ಯೂಟಿ ಪಾರ್ಲರ್ ಶುರು ಮಾಡಿದ್ಯಾ?" ಅಂದರು. ನಗಲಿ ಬಿಡಿ.

ತಣ್ಣಗಿದ್ದಾಗ ಸೆನ್ಸರ್ ಒಳಗಿನ ಕಾಯಿಲ್‌ನ ರೆಸಿಸ್ಟೆನ್ಸ್ ಮೀಟರ್‌ನಲ್ಲಿ ಸುಮಾರು 850 ಓಮ್ ಇತ್ತು. ಓಡಿಸಿ ತಂದು, ಆಫ್ ಮಾಡಿ, ಡ್ರೈಯರ್ ಹಿಡಿದೆ. ಮೊದಲು ಸಾವಿರ ದಾಟಿತು, ಆಮೇಲೆ ಕುಣಿಯತೊಡಗಿತು, ಕೊನೆಗೆ ಓಪನ್, ಅಂದರೆ ಒಳಗಿನ ತಂತಿ ಕಡಿದುಹೋದ ಹಾಗೆ. ಕಪ್ಲರ್ ಹಾಕಿ ಸೆಲ್ಫ್ ಹೊಡೆದರೆ ಎಂಜಿನ್ ಹಿಡಿಯಲಿಲ್ಲ. ಸ್ಕ್ಯಾನರ್‌ನಲ್ಲಿ ಆರ್‌ಪಿಎಂ ಸೊನ್ನೆ. ಒದ್ದೆ ಬಟ್ಟೆಯನ್ನು ಸೆನ್ಸರ್ ಮೇಲೆ ಇಟ್ಟು ಸ್ವಲ್ಪ ಹೊತ್ತು ಬಿಟ್ಟೆ. ಸ್ಟಾರ್ಟ್! ನಗುತ್ತಿದ್ದವರು ಹತ್ತಿರ ಬಂದು ನಿಂತರು. ಅವರೆದುರಿಗೇ ಇನ್ನೊಮ್ಮೆ ಕೆಡಿಸಿ, ಇನ್ನೊಮ್ಮೆ ಸ್ಟಾರ್ಟ್ ಮಾಡಿ ತೋರಿಸಿದೆ.

ಅಲ್ಲಿಗೂ ಮುಗಿಯಲಿಲ್ಲ. 450 ರೂಪಾಯಿಯ ಲೋಕಲ್ ಸೆನ್ಸರ್ ತರಿಸಿದ್ದೆ. ಹಾಕುವ ಮುಂಚೆ ಬೆಂಚ್ ಮೇಲೆ ಅದಕ್ಕೂ ಡ್ರೈಯರ್ ಹಿಡಿದೆ, ಕುತೂಹಲಕ್ಕೆ. ಮೀಟರನ್ನು ಎಸಿ ಮಿಲಿವೋಲ್ಟ್‌ಗೆ ಇಟ್ಟು ಸೆನ್ಸರ್ ಮೂತಿಯ ಮುಂದೆ ಸ್ಕ್ರೂ ಡ್ರೈವರ್ ಜೋರಾಗಿ ಆಡಿಸಿದರೆ ಅಂಕಿ ಎದ್ದು ಬೀಳಬೇಕು. ತಣ್ಣಗಿದ್ದಾಗ ಅಂಕಿ ಬಂತು. ಬಿಸಿಗೆ ಹೊಸದೂ ಸತ್ತಿತು! ವಾಪಸ್ ಕೊಟ್ಟು, ಬೆಂಗಳೂರಿನ ಜೆ.ಸಿ. ರೋಡಿನಿಂದ ಒರಿಜಿನಲ್ ತರಿಸಿದೆ, 1,600ರ ಆಸುಪಾಸು. ಈಗ ಯಾವ ಕಾಯಿಲ್ ಟೈಪ್ ಸೆನ್ಸರ್ ಬಂದರೂ ಮೊದಲು ಹೀಗೆ ಕಾಯಿಸಿಯೇ ಹಾಕುವುದು. ಕಾಯಿಲ್ ಬದಲು ಎಲೆಕ್ಟ್ರಾನಿಕ್ ಚಿಪ್ ಇರುವ, ಮೂರು ವೈರಿನ ಹಾಲ್ ಸೆನ್ಸರ್‌ಗೆ ಈ ಓಮ್ ಆಟ ನಡೆಯುವುದಿಲ್ಲ. ಅದಕ್ಕೆ ನನ್ನದೊಂದು ಎಲ್‌ಇಡಿ ಡಬ್ಬಿ ಇದೆ, ಅದರ ಸರ್ಕ್ಯೂಟ್ ಇಲ್ಲಿ ಬಿಡಿಸುವುದಿಲ್ಲ.

ಬಿಲ್ 2,800 ಮಾಡಿದೆ. "ಪಾರ್ಟ್ 1,600 ಅಂತೀಯ, ಉಳಿದದ್ದು ಏತಕ್ಕಪ್ಪಾ?" ಅಂದರು ಮೇಷ್ಟ್ರು. "ಎರಡು ಬೋಲ್ಟ್ ಬಿಚ್ಚಿದ್ದಕ್ಕಲ್ಲ ಮೇಷ್ಟ್ರೇ, ಇಸಿಎಂ ಬಿಚ್ಚದೇ ಇದ್ದದ್ದಕ್ಕೆ" ಅಂದೆ. ಇನ್ನೂರು ಬಿಡಿಸಿಕೊಂಡೇ ಹೋದರು. ಈ ಬೇಸಿಗೆಯಲ್ಲೂ ಅದೇ ಗಾಡಿಯಲ್ಲಿ ಚಿತ್ರದುರ್ಗಕ್ಕೆ ಹೋಗಿ ಬಂದಿದ್ದಾರೆ.

ಪಕ್ಕದವರು ಈಗ ಡ್ರೈಯರ್ ಕೇಳಲು ಹುಡುಗನನ್ನು ಕಳಿಸುತ್ತಾರೆ. ಕೊಡುತ್ತೇನೆ. ಎಷ್ಟು ದೂರದಿಂದ, ಯಾವ ಕಡೆಗೆ ಹಿಡಿಯಬೇಕು ಅನ್ನುವುದನ್ನು ಮಾತ್ರ ಇನ್ನೂ ಹೇಳಿಲ್ಲ.