ಬ್ರಿಟನ್ನಿನಲ್ಲಿ ಮೊದಲ ಬೈಕ್: ಬುಲೆಟ್ ಆಸೆ ಸ್ವಲ್ಪ ದಿನ ಪಕ್ಕಕ್ಕಿಡಿ

ರಜೆಗೆ ಊರಿಗೆ ಬಂದಿದ್ದೇನೆ. ಗೋಣಿಕೊಪ್ಪದ ಹತ್ತಿರ ನಮ್ಮ ಮನೆ. ಹೊರಗೆ ಮಳೆ ಸುರಿಯುತ್ತಿದೆ, ಶೆಡ್ಡಿನಲ್ಲಿ ಅಕ್ಕನ ಮಗ ಅವರಪ್ಪನ ಬುಲೆಟ್ ಒರೆಸುತ್ತಿದ್ದಾನೆ. ಓದಲು ಇಂಗ್ಲೆಂಡಿಗೆ ಹೊರಟವನು. ಕೈಯಲ್ಲಿರುವುದು ಎಲ್‌ಎಲ್‌ಆರ್ ಮಾತ್ರ. "ಮಾಮ, ಅಲ್ಲಿಗೆ ಹೋದ ತಕ್ಷಣ ಒಂದು ಬುಲೆಟ್ ತಗೋಬಹುದಾ?" ಅಂತ ಕೇಳಿದ. ಇದೇ ಪ್ರಶ್ನೆ ಅಲ್ಲಿರುವ ನಮ್ಮ ಹುಡುಗ ಹುಡುಗಿಯರಿಗೂ ಇರುತ್ತದೆ. ಹಾಗಾಗಿ ಅವನಿಗೆ ಹೇಳಿದ್ದನ್ನೇ ಬರೆಯುತ್ತಿದ್ದೇನೆ.

ನಮ್ಮ ಎಲ್‌ಎಲ್‌ಆರ್ ಅಲ್ಲಿ ಲೆಕ್ಕಕ್ಕಿಲ್ಲ. ಗೇರ್ ಬೈಕಿನ ಪೂರ್ತಿ ಲೈಸೆನ್ಸ್ ಇದ್ದವರು ಅಲ್ಲಿ ನೆಲೆಸಿದ ದಿನದಿಂದ 12 ತಿಂಗಳು ಅದರಲ್ಲೇ ಓಡಿಸಬಹುದು. ಆಮೇಲೆ ಭಾರತದ ಲೈಸೆನ್ಸ್ ಕೊಟ್ಟು ಬ್ರಿಟನ್ನಿನದನ್ನು ಪಡೆಯಲು ಆಗುವುದಿಲ್ಲ, ಮೊದಲಿನಿಂದ ಪರೀಕ್ಷೆ ಕೊಡಬೇಕು. ಹೊಸಬರು ಪ್ರೊವಿಷನಲ್ ಲೈಸೆನ್ಸ್‌ಗೆ, ಅಂದರೆ ಅಲ್ಲಿನ ಕಲಿಯುವವರ ಲೈಸೆನ್ಸ್‌ಗೆ, ಅರ್ಜಿ ಹಾಕಬೇಕು. ಅಲ್ಲಿ ಕನಿಷ್ಠ 185 ದಿನ ಇರಲು ಅನುಮತಿ ಇದ್ದರೆ ಸಿಗುತ್ತದೆ.

ಆಮೇಲೆ ಸಿಬಿಟಿ. ಇದು ಪಾಸ್, ಫೇಲ್ ಇರುವ ಪರೀಕ್ಷೆಯಲ್ಲ, ಒಂದು ಕಡ್ಡಾಯ ತರಬೇತಿ. 20 ಮೀಟರ್ ದೂರದ ನಂಬರ್ ಪ್ಲೇಟ್ ಓದಿಸುತ್ತಾರೆ. ಮೈದಾನದಲ್ಲಿ ಎಂಟು ಹಾಕಿಸುತ್ತಾರೆ, ಯು ಟರ್ನ್, ದಿಢೀರ್ ಬ್ರೇಕ್ ಕಲಿಸುತ್ತಾರೆ. ಕೊನೆಗೆ ಕನಿಷ್ಠ 2 ಗಂಟೆ ನಿಜವಾದ ರಸ್ತೆಯಲ್ಲಿ ಓಡಿಸಬೇಕು. ಕೊಡುವ ಸರ್ಟಿಫಿಕೇಟ್ 2 ವರ್ಷ ನಡೆಯುತ್ತದೆ. ಅಷ್ಟರೊಳಗೆ ಪೂರ್ತಿ ಲೈಸೆನ್ಸ್ ಆಗದಿದ್ದರೆ ಮತ್ತೆ ಸಿಬಿಟಿ ಮಾಡಬೇಕು. ಬೈಕ್ ತರಬೇತಿ ಶಾಲೆಯವರೇ ಕೊಡುತ್ತಾರೆ, ಆದ್ದರಿಂದ ಸಿಬಿಟಿ ಮುಗಿಯುವ ತನಕ ದಯವಿಟ್ಟು ಬೈಕ್ ಕೊಳ್ಳಬೇಡಿ. ಆ ಒಂದು ದಿನದಲ್ಲಿ ನಿಮಗೆ ಎಷ್ಟು ಎತ್ತರ, ಎಷ್ಟು ಭಾರ ಒಗ್ಗುತ್ತದೆ ಅಂತ ಚೆನ್ನಾಗಿ ಗೊತ್ತಾಗುತ್ತದೆ.

ಈಗ ಬುಲೆಟ್ ವಿಷಯ. 17 ದಾಟಿದವರು ಸಿಬಿಟಿ ಮುಗಿಸಿ, ಹಿಂದೆ ಮುಂದೆ ಎಲ್ ಪ್ಲೇಟ್ ಹಾಕಿ ಓಡಿಸಬಹುದಾದದ್ದು 125 ಸಿಸಿ, 11 ಕಿಲೋವ್ಯಾಟ್ ಒಳಗಿನ ಬೈಕ್ ಮಾತ್ರ. ಅಂದರೆ ಸುಮಾರು 15 ಎಚ್‌ಪಿ. ಬುಲೆಟ್ 349 ಸಿಸಿ, 20 ಎಚ್‌ಪಿ. ನಮ್ಮೂರಿನಲ್ಲಿ ಅದು ನಿಧಾನದ ಗಾಡಿ ಅನ್ನಿಸಿಕೊಂಡರೂ ಅಲ್ಲಿನ ಕಾನೂನಿಗೆ ಕಲಿಯುವವರ ಗಾಡಿಯಲ್ಲ. ಅದಕ್ಕೆ ಎ2, ಅಂದರೆ ಮಧ್ಯಮ ಶಕ್ತಿಯ ಬೈಕುಗಳ ಲೈಸೆನ್ಸ್ ಬೇಕು. 19 ವರ್ಷ ಆಗಿರಬೇಕು, ಥಿಯರಿ ಮತ್ತು ಎರಡು ಪ್ರಾಕ್ಟಿಕಲ್ ಪಾಸಾಗಿರಬೇಕು. ಎಲ್ ಪ್ಲೇಟ್ ಇರುವಾಗ ಹಿಂದೆ ಯಾರನ್ನೂ ಕೂರಿಸುವಂತಿಲ್ಲ, ಮೋಟರ್‌ವೇ ಹತ್ತುವಂತಿಲ್ಲ.

125ರಲ್ಲಿ ಯಾವುದು? ನನ್ನ ಮಾತು ಕೇಳಿದರೆ ಹೋಂಡಾ ಸಿಬಿ125ಎಫ್ ತರಹದ್ದು. ಸುಮಾರು 117 ಕೆಜಿ, ಸೀಟು ತಗ್ಗು, ಪೆಟ್ರೋಲ್ ಕುಡಿಯುವುದು ಕಮ್ಮಿ. ಯಮಹಾ ಎಂಟಿ-125, ಕೆಟಿಎಂ 125 ಡ್ಯೂಕ್ ನೋಡಲು ಚೆಂದ, ಎಳೆತವೂ ಜಾಸ್ತಿ. ಆದರೆ ಕದಿಯುವವರ ಕಣ್ಣೂ ಅಂಥವುಗಳ ಮೇಲೇ ಬೀಳುತ್ತದೆ.

ನಾನು ಈ ವಿಷಯದಲ್ಲಿ ತಪ್ಪು ಮಾಡಿದೆ. ಚೆಂದ ನೋಡಿ ಎತ್ತರದ ಬೈಕ್ ತಗೊಂಡೆ. ಅಕ್ಟೋಬರ್‌ನಲ್ಲಿ ಒಂದು ದಿನ ಏರಿನಲ್ಲಿದ್ದ ಜಂಕ್ಷನ್‌ನಲ್ಲಿ ನಿಲ್ಲಿಸಿದೆ. ಕೆಳಗೆ ಒದ್ದೆ ಎಲೆಗಳ ಹಾಸು. ನೆಲಕ್ಕೆ ತಾಗಿದ್ದು ಹೆಬ್ಬೆರಳು ಮಾತ್ರ, ಅದೂ ಜಾರಿತು. ಬೈಕ್ ಮೆಲ್ಲಗೆ ವಾಲಿತು, ತಡೆಯಲು ಆಗಲಿಲ್ಲ. ಕ್ಲಚ್ ಲಿವರ್ ಮುರಿಯಿತು, ಮಣಿಕಟ್ಟು ಊದಿಕೊಂಡಿತು. ಹಿಂದಿನ ಕಾರಿನವರು ಇಳಿದು ಬಂದು ಎತ್ತಿಕೊಟ್ಟರು. ಅಂಗಡಿಗೆ ಹೋದಾಗ ಬೈಕ್ ಮೇಲೆ ಕೂತು ಎರಡೂ ಪಾದ ಊರಿ ನೋಡಿ. ಮುಂಗಾಲಾದರೂ ಪೂರ್ತಿ ನೆಲಕ್ಕೆ ತಾಗಬೇಕು.

ದುಡ್ಡು ನಿಜವಾಗಿ ಹೋಗುವುದು ಇನ್ಶೂರೆನ್ಸ್‌ಗೆ. ಹೊಸ ರೈಡರ್, ಬ್ರಿಟನ್ನಿನಲ್ಲಿ ಓಡಿಸಿದ ದಾಖಲೆ ಇಲ್ಲ, ರಸ್ತೆ ಬದಿಯಲ್ಲಿ ಪಾರ್ಕಿಂಗ್. ಇವೆಲ್ಲ ಸೇರಿ ಮೊತ್ತ ಏರುತ್ತದೆ. ಅದೇ ಬೈಕ್, ಅದೇ ಮನುಷ್ಯ, ಪೋಸ್ಟ್‌ಕೋಡ್ ಬದಲಾದರೆ ಮೊತ್ತವೂ ಬದಲು. ಹಾಗಾಗಿ ಬೈಕಿಗೆ ಅಡ್ವಾನ್ಸ್ ಕೊಡುವ ಮೊದಲೇ ಅದರ ನಂಬರ್ ಹಾಕಿ ಇನ್ಶೂರೆನ್ಸ್ ಎಷ್ಟಾಗುತ್ತದೆ ಅಂತ ನೋಡಿಕೊಳ್ಳಿ. ಬೀದಿಯಲ್ಲಿ ನಿಲ್ಲಿಸುತ್ತಾ ಗ್ಯಾರೇಜ್ ಇದೆ ಅಂತ ಬರೆಯಬೇಡಿ, ಕಳುವಾದಾಗ ಬಿಡಿಗಾಸೂ ಸಿಗದೆ ಹೋಗಬಹುದು. ಇನ್ಶೂರೆನ್ಸ್ ಇಲ್ಲದೆ ಸಿಕ್ಕಿಬಿದ್ದರೆ 300 ಪೌಂಡ್ ದಂಡ, ಲೈಸೆನ್ಸ್ ಮೇಲೆ 6 ಪೆನಾಲ್ಟಿ ಪಾಯಿಂಟ್. ಇನ್ನೊಂದು ಮಾತು ವಿದ್ಯಾರ್ಥಿಗಳಿಗೆ. ಬೈಕ್ ಬಂತಲ್ಲ, ಊಟ ಡೆಲಿವರಿ ಮಾಡೋಣ ಅನ್ನಿಸುತ್ತದೆ. ಸ್ಟೂಡೆಂಟ್ ವೀಸಾದಲ್ಲಿ ಸ್ವಂತ ಉದ್ಯೋಗಕ್ಕೆ ಅನುಮತಿ ಇಲ್ಲ, ಆ ಆ್ಯಪ್ ಕೆಲಸ ಸಾಮಾನ್ಯವಾಗಿ ಅದೇ ಲೆಕ್ಕಕ್ಕೆ ಬರುತ್ತದೆ. ಮಾಮೂಲಿ ಇನ್ಶೂರೆನ್ಸ್ ಕೂಡ ಡೆಲಿವರಿಗೆ ನಡೆಯುವುದಿಲ್ಲ. ವೀಸಾ ಕಳೆದುಕೊಳ್ಳುವಂಥ ಕೆಲಸ ಬೇಡವೇ ಬೇಡ.

ಸೆಕೆಂಡ್ ಹ್ಯಾಂಡ್ ಆದರೆ ಎಂಒಟಿ ನೋಡಿ. 3 ವರ್ಷ ದಾಟಿದ ಬೈಕಿಗೆ ಪ್ರತಿ ವರ್ಷ ಈ ತಪಾಸಣೆ ಆಗಬೇಕು. ಹಳೆಯ ತಪಾಸಣೆಗಳ ವಿವರ ಸರ್ಕಾರದ ವೆಬ್‌ಸೈಟಿನಲ್ಲಿ ಪುಕ್ಕಟೆ ಸಿಗುತ್ತದೆ. ಯಾವ ವರ್ಷ ಎಷ್ಟು ಮೈಲಿ ಓಡಿತ್ತು, ಯಾವುದಕ್ಕೆ ಫೇಲ್ ಆಗಿತ್ತು, ಎಲ್ಲ ಇರುತ್ತದೆ. ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಸುರಿಯುತ್ತಾರೆ, ಆದ್ದರಿಂದ ಚೈನ್, ಸೈಲೆನ್ಸರ್, ಫ್ರೇಮಿನ ಅಡಿಭಾಗದ ತುಕ್ಕು ಬಗ್ಗಿ ನೋಡಿ. ಹಳೆಯ ಮಾಲೀಕರು ಕಟ್ಟಿದ ರೋಡ್ ಟ್ಯಾಕ್ಸ್ ನಿಮ್ಮ ಹೆಸರಿಗೆ ಬರುವುದಿಲ್ಲ, ಬೇರೆ ಕಟ್ಟಬೇಕು. ಊರಿನ ಐಎಸ್‌ಐ ಹೆಲ್ಮೆಟ್ ಹೊತ್ತುಕೊಂಡು ಹೋಗಬೇಡಿ, ಅಲ್ಲಿ ಇಸಿಇ ತರಹದ, ಅಲ್ಲಿನ ಕಾನೂನು ಒಪ್ಪುವ ಸುರಕ್ಷತಾ ಗುರುತು ಇರಬೇಕು.

ಮಳೆ, ಮಂಜು, ಪಾಚಿ ಕಟ್ಟಿದ ತಿರುವು, ಇವೆಲ್ಲ ಕೊಡಗಿನವರಿಗೆ ಹೊಸದಲ್ಲ. ಅಲ್ಲೂ ಎಡಬದಿಯಲ್ಲೇ ಓಡಿಸುವುದು. ಬಿಡಬೇಕಾದ ಅಭ್ಯಾಸ ಒಂದಿದೆ. ಸಂಪಾಜೆ ಘಾಟಿಯಲ್ಲಿ ಪ್ರತಿ ತಿರುವಿಗೂ ಹಾರ್ನ್ ಹೊಡೆಯುತ್ತೇವಲ್ವಾ? ಅಲ್ಲಿ ಸುಮ್ನೆ ಹಾರ್ನ್ ಹೊಡೆದರೆ ಬೈದಂತೆ. ಅದರ ಬದಲು ತಿರುಗುವ ಮೊದಲು ಭುಜದ ಮೇಲಿಂದ ಹಿಂದೆ ನೋಡುವುದನ್ನು ರೂಢಿ ಮಾಡಿಕೊಳ್ಳಬೇಕು. ಕನ್ನಡಿ ನೋಡಿದರೆ ಸಾಲದು.

ಮಳೆ ಸ್ವಲ್ಪ ಬಿಟ್ಟಿದೆ. ಅಕ್ಕನ ಮಗ ಬುಲೆಟ್ ಬಿಟ್ಟು ಪಕ್ಕದ ಮನೆಯ ಸ್ಪ್ಲೆಂಡರ್ ತಂದಿದ್ದಾನೆ. ಕಾಫಿ ಕಣದಲ್ಲಿ ಎರಡು ಬುಟ್ಟಿ ಇಟ್ಟು, ಕಾಲು ಕೆಳಗಿಡದೆ ಎಂಟು ಹಾಕುತ್ತಿದ್ದಾನೆ. ತಿರುಗುವಾಗ ಇನ್ನೂ ಮುಂದಿನ ಚಕ್ರವನ್ನೇ ನೋಡುತ್ತಾನೆ. "ತಲೆ ಎತ್ತು, ಹೋಗಬೇಕಾದ ಕಡೆ ನೋಡು" ಅಂತ ಜಗಲಿಯಿಂದಲೇ ಕೂಗುತ್ತಿದ್ದೇನೆ.