ಲೋಟದ ಮೊದಲ ಗೆರೆ

ಮೂರನೇ ಬಾರಿ ಬಂದಾಗಲೂ ಅಜ್ಜಿಯ ಬಾಯಲ್ಲಿ ಹೊಸ ಹುಳುಕು. ಹಿಂದಿನ ಎರಡು ಸಲ ನಾನೇ ಕೊರೆದು, ಸಿಮೆಂಟ್ ತುಂಬಿ ಕಳಿಸಿದ್ದೆ. ತುಂಬಿದ ಹಲ್ಲುಗಳು ಗಟ್ಟಿಯಾಗಿಯೇ ಇದ್ದವು. ಅವುಗಳ ನೆರೆಯವು ಮಾತ್ರ ಒಸಡಿನ ಅಂಚಿನಲ್ಲಿ, ಬೇರಿನ ಮೇಲೆ ಕಂದುಗಟ್ಟಿ ಮೆತ್ತಗಾಗಿದ್ದವು. ತೂತು ಮುಚ್ಚಿದ್ದೆನೇ ಹೊರತು, ಅದು ಯಾಕೆ ಬೀಳುತ್ತಿದೆ ಎಂದು ಹುಡುಕಿರಲಿಲ್ಲ. ಅದು ನನ್ನ ತಪ್ಪು.

ಅಂದು ಕೊರೆಯುವ ಯಂತ್ರ ಮುಟ್ಟಲಿಲ್ಲ. ಗುರುತು ಹಾಕಿದ ಪುಟ್ಟ ಲೋಟವನ್ನು ಕೈಗೆ ಕೊಟ್ಟು, 'ಐದು ನಿಮಿಷ ಏನೂ ಅಗಿಯದೆ, ಮಾತಾಡದೆ, ಬಾಯಲ್ಲಿ ಬಂದ ಜೊಲ್ಲನ್ನೆಲ್ಲ ಇದಕ್ಕೆ ಬಿಡಿ ಅಜ್ಜಿ' ಎಂದೆ. ಸುಮ್ಮನೆ ಕುಳಿತಾಗ ನಿಮಿಷಕ್ಕೆ 0.1 ಮಿ.ಲೀ.ಗಿಂತ ಕಡಿಮೆ ಬಂದರೆ ಬಾಯಿ ಒಣಗಿದೆ ಎಂದೇ ಲೆಕ್ಕ. ಲೋಟದ ತಳ ತೇವವಾಗಿತ್ತು, ಅಷ್ಟೇ. ಅರ್ಧ ಮಿ.ಲೀ.ಯ ಮೊದಲ ಗೆರೆಯನ್ನೂ ಮುಟ್ಟಿರಲಿಲ್ಲ.

ಔಷಧಿ ಚೀಟಿ ತರಿಸಿ ನೋಡಿದೆ. ನರದ ಉರಿಗೆಂದು ಅಮಿಟ್ರಿಪ್ಟಿಲಿನ್. ಜೊಲ್ಲನ್ನು ಬತ್ತಿಸುವ ಮಾತ್ರೆ. ಬಾಯಿ ಒಣಗಿದರೆ ಏನು ಮಾಡುತ್ತೀರಿ ಎಂದು ಕೇಳಿದ್ದಕ್ಕೆ ಅಜ್ಜಿ ಎಲೆಸಂಚಿ ಬಿಚ್ಚಿದರು. ಅಡಿಕೆ ಹೋಳುಗಳ ಪಕ್ಕ ಕಲ್ಲುಸಕ್ಕರೆ. ದಿನವಿಡೀ ದವಡೆಯ ಸಂದಿಯಲ್ಲಿ ಒಂದು ಚೂರು ಇರುತ್ತಿತ್ತಂತೆ! ಸಿಹಿ ಬಿದ್ದ ಕೆಲವೇ ನಿಮಿಷಗಳಲ್ಲಿ ಹಲ್ಲಿಗೆ ಅಂಟಿದ ಪಾಚಿ ಹುಳಿಯಾಗಿ, ಅದರ ಪಿಎಚ್ 5.5ಕ್ಕಿಂತ ಕೆಳಗಿಳಿದು, ಹಲ್ಲಿನ ಹೊರಕವಚವಾದ ಎನಾಮಲ್ ಕರಗತೊಡಗುತ್ತದೆ. ಬೇರಿನ ಭಾಗ ಅದಕ್ಕೂ ಮೊದಲೇ. ಒಳ್ಳೆಯ ಜೊಲ್ಲಿದ್ದರೆ ಅರ್ಧ-ಒಂದು ಗಂಟೆಯಲ್ಲಿ ಹುಳಿ ತೊಳೆದುಹೋಗುತ್ತದೆ. ಅಜ್ಜಿಗೆ ಜೊಲ್ಲೂ ಇಲ್ಲ, ಸಿಹಿಗೆ ಬಿಡುವೂ ಇಲ್ಲ. ಬೆಳಗಿನ ದೋಸೆಗೆ ಜೋನಿಬೆಲ್ಲ ಬೇಡ ಎಂದು ಶಿರಸಿಯಲ್ಲಿ ನಾನು ಯಾರಿಗೂ ಹೇಳುವುದಿಲ್ಲ. ತಿಂಡಿಯ ಜೊತೆ ಮುಗಿದುಹೋಗುವ ಸಿಹಿಗಿಂತ ಹೊತ್ತುಹೊತ್ತಿಗೆ ಬಾಯಾಡಿಸುವ ಸಿಹಿಯೇ ಹಲ್ಲಿಗೆ ಹೆಚ್ಚು ಕೇಡು.

ಆಗಿನಿಂದ ಹೊಸಬರು ಯಾರೇ ಬರಲಿ, ಮೊದಲು ಅಳತೆ. ಒಸಡು-ಹಲ್ಲಿನ ನಡುವಿನ ಸಂದಿ ಎಷ್ಟು ಆಳ ಎಂದು ನೋಡಲು ಮಿ.ಮೀ. ಗುರುತಿನ ಮೊಂಡು ಕಡ್ಡಿ, ಹಲ್ಲೊಂದಕ್ಕೆ 6 ಕಡೆ. 3ರವರೆಗೆ ಚಿಂತೆಯಿಲ್ಲ. ಬೀಡಿ ಸೇದುವ ಅಡಿಕೆ ಬೆಳೆಗಾರರೊಬ್ಬರು 'ಒಂದು ಹನಿ ರಕ್ತ ಕಂಡವನಲ್ಲ ಡಾಕ್ಟರೇ' ಎಂದಿದ್ದರು. ಹಿಂದಿನ ದವಡೆ ಹಲ್ಲಿನಲ್ಲಿ ಕಡ್ಡಿ 7ರವರೆಗೆ ಮುಳುಗಿತು. ಬೀಡಿಯ ಹೊಗೆ ಒಸಡಿನ ರಕ್ತನಾಳಗಳನ್ನು ಕುಗ್ಗಿಸುವುದರಿಂದ ರೋಗವಿದ್ದರೂ ರಕ್ತ ಒಸರುವುದು ಕಡಿಮೆ. ಎಚ್‌ಬಿಎ1ಸಿ (ಎರಡು-ಮೂರು ತಿಂಗಳ ಸರಾಸರಿ ರಕ್ತಸಕ್ಕರೆ) ಪರೀಕ್ಷೆ ಮಾಡಿಸಿದಾಗ ಶೇ. 8.9 ಬಂತು, ಸಕ್ಕರೆ ಕಾಯಿಲೆ ಇರುವುದೇ ಅವರಿಗೆ ಗೊತ್ತಿರಲಿಲ್ಲ. ಕವಳ (ಎಲೆ-ಅಡಿಕೆ) ಹಾಕುವವರಾದರೆ ಕೆನ್ನೆಯನ್ನು ಒಳಗಿನಿಂದ ಸವರಿ, ಅಡಿಕೆಯಿಂದ ಬರುವ ಬಿಗಿತವಿದೆಯೇ ಎಂದು ನೋಡದೆ ಬಿಡುವುದಿಲ್ಲ.

ಅಜ್ಜಿಯ ವೈದ್ಯರಿಗೆ ಪತ್ರ ಬರೆದೆ, ಮಾತ್ರೆ ಬದಲಾಯಿಸಿದರು. ಮೂರು ತಿಂಗಳಿಗೊಮ್ಮೆ ಹಲ್ಲನ್ನು ಗಟ್ಟಿಮಾಡುವ ಫ್ಲೋರೈಡ್ ವಾರ್ನಿಷ್ ಹಚ್ಚಿದೆ. ಕಲ್ಲುಸಕ್ಕರೆಯ ಜಾಗಕ್ಕೆ ನೀರಿನ ಬಾಟಲಿ ಬಂತು. ವರ್ಷದ ನಂತರ ಅದೇ ಕಂದು ಕಲೆಗಳ ಮೇಲೆ ಕಡ್ಡಿ ಆಡಿಸಿದರೆ, ಗಾಜಿನ ಮೇಲೆಂಬಂತೆ ಜಾರಿತು. ಲೋಟದಲ್ಲಿ ಜೊಲ್ಲು ಎರಡನೇ ಗೆರೆ ದಾಟಿತ್ತು.