ಗಾಳಿ ಹೋದ ಮರುದಿನ

ಆಷಾಢದ ಮಳೆಯ ರಾತ್ರಿ, ಹತ್ತೂವರೆ ದಾಟಿತ್ತು. ಕಾಟನ್‌ಪೇಟೆಯಿಂದ 72ರ ಯಜಮಾನರೊಬ್ಬರನ್ನು ಮಗ ಆಟೋದಲ್ಲಿ ಕರೆತಂದ. ಎರಡು ದಿನದಿಂದ ಮಲವಿಲ್ಲ, ವಾಯುವೂ ಸರಿದಿಲ್ಲ. ಓಮದ ಕಷಾಯ, ಇಂಗು ಹಾಕಿದ ಮಜ್ಜಿಗೆ, ಹರಳೆಣ್ಣೆ ಎಲ್ಲವೂ ಮನೆಯಲ್ಲೇ ಮುಗಿದಿತ್ತು. ಹೊಟ್ಟೆಯ ಮೇಲೆ ಬೆರಳಿಟ್ಟು ತಟ್ಟಿದರೆ ತಮಟೆಯ ಸದ್ದು. ಎಕ್ಸ್‌ರೇಯಲ್ಲಿ ಕಿಬ್ಬೊಟ್ಟೆಯಿಂದ ಎದೆಗೂಡಿನವರೆಗೆ ಕಾಫಿ ಬೀಜದಾಕಾರದ ಒಂದೇ ದೊಡ್ಡ ಗಾಳಿಚೀಲ: ಸಿಗ್ಮಾಯ್ಡ್ ವಾಲ್ವ್ಯುಲಸ್, ಅಂದರೆ ದೊಡ್ಡಕರುಳಿನ ತಿರುಚು.

ದೊಡ್ಡಕರುಳಿನ ಕೊನೆಯ ಬಾಗು ಕೆಲವರಲ್ಲಿ ಅತಿ ಉದ್ದ. ಅದನ್ನು ಹಿಡಿದಿರುವ ಪೊರೆಯ ಬುಡ ಮಾತ್ರ ಕಿರಿದು. ವರ್ಷಗಟ್ಟಲೆ ಮಲಬದ್ಧತೆಯಿಂದ ಭಾರವಾದ ಬಾಗು ಒಂದು ದಿನ ಬುಡದ ಸುತ್ತ ತಿರುಚಿಕೊಳ್ಳುತ್ತದೆ. ಮೊದಲು ರಕ್ತ ಹಿಂತಿರುಗುವ ದಾರಿ ಮುಚ್ಚುತ್ತದೆ, ಆಮೇಲೆ ಬರುವ ದಾರಿಯೂ.

ಇವರಿಗೆ ಜ್ವರವಿರಲಿಲ್ಲ, ಹೊಟ್ಟೆ ಉಬ್ಬಿದ್ದರೂ ಹಲಗೆಯಂತೆ ಬಿಗಿದಿರಲಿಲ್ಲ. ಸಿ.ಟಿ. ಸ್ಕ್ಯಾನಿನಲ್ಲಿ ಕರುಳಿನ ಗೋಡೆಗೆ ರಕ್ತ ಹರಿಯುತ್ತಿರುವುದು ಕಾಣುತ್ತಿತ್ತು. ಹಾಗಾಗಿ ಚಾಕು ಬಿಟ್ಟು, ಗುದದಿಂದ ಒಳಹೋಗಿ ಕರುಳನ್ನು ತೋರಿಸುವ ಕ್ಯಾಮೆರಾ ನಳಿಗೆ, ಕೊಲೊನೋಸ್ಕೋಪ್ ಹಿಡಿದೆವು. ತಿರುಚಿದ ಜಾಗದಲ್ಲಿ ಒಳಪದರ ಸುಳಿಯಂತೆ ಕೂಡಿಕೊಂಡಿತ್ತು, ಆದರೆ ಬಣ್ಣ ಗುಲಾಬಿ. ಕಪ್ಪಾಗಿದ್ದರೆ ಅಲ್ಲೇ ನಿಲ್ಲಿಸುತ್ತಿದ್ದೆ. ಮೆಲ್ಲನೆ ಒತ್ತಿದೆ, ದಾಟಿತು. ಎರಡು ದಿನದ ಗಾಳಿ ಒಮ್ಮೆಲೇ ಹೊರನುಗ್ಗಿತು. ಈ ಗಳಿಗೆಯಲ್ಲಿ ಎಲ್ಲಿ ನಿಲ್ಲಬಾರದೆಂದು ಹಳೆಯ ಸಿಸ್ಟರ್‌ಗಳಿಗೆ ಗೊತ್ತು, ಹೊಸ ಹೌಸ್ ಸರ್ಜನ್‌ಗೆ ಆ ರಾತ್ರಿ ಗೊತ್ತಾಯಿತು. ಕರುಳು ಮತ್ತೆ ತಿರುಚದಂತೆ ಒಂದು ನಳಿಗೆಯನ್ನು ಒಳಗೇ ಬಿಟ್ಟೆವು.

ಬೆಳಿಗ್ಗೆ ಹೊಟ್ಟೆ ಚಪ್ಪಟೆ. ಯಜಮಾನರಿಗೆ ಕಾಫಿ ಬೇಕು, ಮಗನಿಗೆ ಡಿಸ್ಚಾರ್ಜ್ ಬೇಕು. "ಸರಿಹೋಯಿತಲ್ಲ ಡಾಕ್ಟರೇ, ಇನ್ನು ಆಪರೇಷನ್ ಯಾಕೆ?"

ಈ ಪ್ರಶ್ನೆಗೆ ಸೋತು ಹಿಂದೊಮ್ಮೆ ಒಬ್ಬರನ್ನು ಮನೆಗೆ ಕಳಿಸಿದ್ದೆ. ಮೂರನೆಯ ವಾರ ಮರಳಿ ಬಂದಾಗ ಕರುಳು ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಕೊಳೆತ ಕರುಳಿನ ತಿರುಚು ಬಿಡಿಸಲು ಕೈ ತಾನಾಗಿ ಹೋಗುತ್ತದೆ. ಬಿಡಿಸಬಾರದು. ಒಳಗೆ ಮಡುಗಟ್ಟಿದ ವಿಷ ರಕ್ತಕ್ಕೆ ನುಗ್ಗಿ ರಕ್ತದೊತ್ತಡ ಕುಸಿಯುತ್ತದೆ. ಮೊದಲು ಬುಡಕ್ಕೆ ಕ್ಲ್ಯಾಂಪ್ ಹಾಕಿ, ತಿರುಚಿದ ಹಾಗೆಯೇ ಕತ್ತರಿಸಿ ತೆಗೆದೆವು. ಆ ಸ್ಥಿತಿಯಲ್ಲಿ ಜೋಡಿಸಿದರೆ ಹೊಲಿಗೆ ನಿಲ್ಲುವುದು ಅನುಮಾನ. ಹಾರ್ಟ್‌ಮನ್ ವಿಧಾನದಂತೆ ಕೆಳತುದಿ ಮುಚ್ಚಿ, ಮೇಲ್ತುದಿಯನ್ನು ಹೊಟ್ಟೆಯ ಎಡಕ್ಕೆ ಹೊರತಂದೆವು. ಅವರು ಬದುಕಿದರು. ಕರುಳನ್ನು ಮತ್ತೆ ಜೋಡಿಸುವ ಎರಡನೆಯ ಆಪರೇಷನ್‌ಗೆ ಮಾತ್ರ ಒಪ್ಪಲೇ ಇಲ್ಲ. ಅವರ ಹೆಂಡತಿ ಮಲದ ಚೀಲಕ್ಕೆ ಹಳೆಯ ಸೀರೆಯಿಂದ ಗವಸು ಹೊಲಿದಿದ್ದರು, ಸಣ್ಣ ಸಣ್ಣ ಹೂವಿನ ಬಟ್ಟೆ. ತಪಾಸಣೆಗೆ ಬಂದಾಗಲೆಲ್ಲ ನನ್ನ ಕಣ್ಣು ಮೊದಲು ಅಲ್ಲಿಗೇ ಹೋಗುತ್ತಿತ್ತು.

ಸ್ಟೆತಾಸ್ಕೋಪಿನ ರಬ್ಬರನ್ನು ತಿರುಚಿ ಬಿಡಿಸಿ ಮಗನಿಗೆ ತೋರಿಸಿದೆ. "ನೋಡಪ್ಪ, ಬಿಚ್ಚಿದ್ದೇವೆ ಅಷ್ಟೇ. ಉದ್ದ ಹಾಗೇ ಇದೆ. ಆ ಬಾಗನ್ನೇ ತೆಗೆಯಬೇಕು." ಬರಿದೇ ಬಿಚ್ಚಿದವರಲ್ಲಿ ಬಹಳಷ್ಟು ಮಂದಿಗೆ ಇದು ಮರುಕಳಿಸುತ್ತದೆ. "ಹೊಲಿದು ಕಟ್ಟಿಹಾಕಿದರೆ ಸಾಲದೇ?" ಎಂದು ಸೊಸೆ ಕೇಳಿದರು. ಒಳ್ಳೆಯ ಪ್ರಶ್ನೆ. ಹಾಗೂ ಮಾಡುವುದುಂಟು, ಆದರೆ ಹೊಲಿಗೆ ಸಡಿಲಿ ಮತ್ತೆ ತಿರುಚುವುದನ್ನು ಕಂಡಿದ್ದೇವೆ. ಅಂತೂ ಒಪ್ಪಿದರು.

ರಕ್ತದ ಪೊಟ್ಯಾಸಿಯಂ ಮಟ್ಟ ಸರಿಪಡಿಸಿ, ಹೃದಯ ಪರೀಕ್ಷೆ ಮುಗಿಸಿ ನಾಲ್ಕನೆಯ ದಿನ ಶಸ್ತ್ರಚಿಕಿತ್ಸೆ ಮಾಡಿದೆವು. ಬಾಗು ಎಷ್ಟು ಸಡಿಲವಾಗಿತ್ತೆಂದರೆ ಅಂಗೈಯಗಲದ ಗಾಯದಿಂದಲೇ ಹೊರಬಂತು. ಅದನ್ನು ತೆಗೆದು ತುದಿಗಳನ್ನು ಜೋಡಿಸಿ, ಕಿಬ್ಬೊಟ್ಟೆಗೆ ಸಲೈನ್ ತುಂಬಿ, ಗುದದಿಂದ ಗಾಳಿ ಬಿಟ್ಟು ನೋಡಿದೆ. ಗುಳ್ಳೆ ಏಳಲಿಲ್ಲ. ಚೀಲದ ಅಗತ್ಯ ಬೀಳಲಿಲ್ಲ. ಟ್ರೇಯಲ್ಲಿ ತೋರಿಸಿದಾಗ ಮಗ "ಇಷ್ಟುದ್ದವೇ!" ಎಂದು ಬಾಗಿಲಿಗೊರಗಿದ.

ಜೋಡಣೆ ಸೋರುವ ಭಯ ಮುಂದಿನ ವಾರವಿಡೀ ಇರುತ್ತದೆ. ರೌಂಡ್ಸಿಗೆ ಹೋದಾಗ ರೋಗಿಗಿಂತ ಮೊದಲು ನಾಡಿಯ ಚಾರ್ಟ್ ನೋಡುತ್ತಿದ್ದೆ. ಐದನೆಯ ಬೆಳಿಗ್ಗೆ ಚಾರ್ಟ್ ಕೈಗೆತ್ತಿಕೊಳ್ಳುವ ಮೊದಲೇ ಯಜಮಾನರು ವಾರ್ಡಿಗೆಲ್ಲ ಕೇಳುವಂತೆ ಕೂಗಿದರು: "ಡಾಕ್ಟರೇ, ವಾಯು ಸರಿಯಿತು!" ಪಕ್ಕದ ಹಾಸಿಗೆಯವರು ಚಪ್ಪಾಳೆ ತಟ್ಟಿದರು.